ಪರಿಮಳಾಳ ಅಡುಗೆಮನೆಯ ಗೋಡೆ

ಏಪ್ರಿಲ್ 12, ಶನಿವಾರ. ಶಹಾಪುರ.

ನಿದ್ದೆ ಬರುತ್ತಿಲ್ಲ. ಸೆಕೆ ಎಂದು ನೆಪ ಹೇಳಬಹುದು, ಆದರೆ ಕಣ್ಣು ಮುಚ್ಚಿದರೆ ಆ ಹಳೇ ಸೀರೆಯೇ ಕಾಣುತ್ತದೆ.

ನಲವತ್ತೈದನೇ ವಯಸ್ಸಿಗೆ ಇಂಟೀರಿಯರ್ ಡಿಸೈನ್ ಕಲಿಯಲು ಹೊರಟ ನನ್ನ ಮೊದಲ ಕೆಲಸ, ತಂಗಿ ಪರಿಮಳಾಳ ಮನೆ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆಸಿದೆ. ‘ಗೋಡೆಯಿತ್ತು, ಗೋಡೆ ಬಿತ್ತು, ಮನೆಗೆಲ್ಲ ಬೆಳಕು ಬಂತು’ ಎಂದು ಪ್ರಾಸ ಬೇರೆ ಕಟ್ಟಿದ್ದೆ.

ಇವತ್ತು ಕ್ಲಾಸಿಗೆ ಕಳಿಸಲು ಫೋಟೊ ಬೇಕೆಂದು ಭೀಮರಾಯನಗುಡಿಯ ಅವಳ ಮನೆಗೆ ಹೋದೆ. ಗೋಡೆಯಿದ್ದಲ್ಲಿ ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟಿದ್ದಳು. ಅದರ ಹಿಂದೆ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು.

“ಏನವಾ, ನನ್ನ ಡಿಸೈನಿಗೆ ಸೆರಗ ಹೊಚ್ಚೀಯೇನು?”

“ಮತ್ತೇನ್ ಮಾಡ್ಲಿ ಅಕ್ಕಾ? ಮಾವ ಸೋಫಾದ ಮ್ಯಾಲ ಕುಂತು ನನ್ನ ತುತ್ತು ಎಣಸ್ತಾರ ಅನಸ್ತದ. ಗ್ವಾಡಿ ಇದ್ದಾಗ ಅದರ ಹಿಂದ ಉಣತಿದ್ದೆ, ಬ್ಯಾಸರಾದ್ರ ಅಳತಿದ್ದೆ. ಈಗೆಲ್ಲಿ ಅಳ್ಲಿ, ಫ್ರಿಜ್ಜಿನಾಗೇನು?”

ಇಬ್ಬರೂ ನಕ್ಕೆವು. ಅಲ್ಲಿಗೇ ಸುಮ್ಮನಾಗಬೇಕಿತ್ತು. “ಒಂದ್ ನಿಮಿಷ ಸೀರಿ ಸರಸು, ಫೋಟೊ ಹೊಡಕೋತೀನಿ” ಅಂದೆ. ಅವಳು ರೊಟ್ಟಿಯ ತಾಟನ್ನು ಒಲೆಕಟ್ಟೆಯ ಕೆಳಗೆ ತಳ್ಳಿ ಎದ್ದು ಹಗ್ಗ ಬಿಚ್ಚಿದಳು. ಆಚೆ ಸೋಫಾದಿಂದ ಅವಳ ಮಾವ ಅವಳನ್ನು ಕಂಡಿದ್ದೇ, “ಚಾ ಮಾಡವಾ” ಅಂದರು. ಚಾ ಇಟ್ಟಳು. ಅರ್ಧ ರೊಟ್ಟಿ ಹಾಗೇ ಉಳಿಯಿತು.

ನಮ್ಮ ಮನೆಯಲ್ಲೂ ಅಂಥದೇ ಗೋಡೆ ಇದೆ. ನಾನೂ ಅದರ ಹಿಂದೆಯೇ ಉಣ್ಣುತ್ತೇನೆ. ಅದನ್ನು ಒಡೆಸುವ ವಿಚಾರ ನನಗೆ ಒಮ್ಮೆಯೂ ಬಂದಿಲ್ಲ.

ಫೋಟೊ ಚೆನ್ನಾಗಿಯೇ ಬಂದಿದೆ. ಕೆಳಗಿನ ಮೂಲೆಯಲ್ಲಿ ಮಾತ್ರ ತಾಟಿನ ಅಂಚು ಕಾಣುತ್ತದೆ. ಸ್ವಲ್ಪ ಕತ್ತರಿಸಿದರೆ ಹೋಗುತ್ತದೆ. ಆಗಿನಿಂದ ಮೊಬೈಲ್ ಹಿಡಿದು ಕೂತಿದ್ದೇನೆ, ಬೆರಳು ಮಾತ್ರ ಆ ತಾಟಿನ ಅಂಚಿನ ಮೇಲೆಯೇ ನಿಂತಿದೆ.