ಒಳಗಿನಿಂದ ಬಡಿದ ಕಂಟೇನರ್

ಬಂದರಿನ ಮಾನ್ಯ ಅಧ್ಯಕ್ಷರೇ,

ಹೋದ ಮಾರ್ಚಿನಲ್ಲಿ ತಮ್ಮ ಯಾರ್ಡಿನಿಂದ ಹಡಗು ಹತ್ತಿದ ಒಂದು ಕಂಟೇನರಿನೊಳಗಿಂದ ಯಾರೋ ಬಡಿದರು. ನನಗೆ ಕೇಳಿಸಿತು. ತಮ್ಮ ಕಚೇರಿಗೆ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ‘ದೂರು ದಾಖಲಾಗಿದೆ’ ಎಂಬ ಉತ್ತರ ಬಂತು. ಇಂಥ ಜಾಣಕಿವುಡಿಗೂ ತಾವು ಮೊಹರು ಒತ್ತಿ ಕಳಿಸುತ್ತೀರಲ್ಲ, ಮೆಚ್ಚಬೇಕಾದ್ದೇ.

ತಾವು ಬರುವ ಮುಂಚೆ ಇಲ್ಲಿ ಮೂಟೆಗಳನ್ನು ಹೆಗಲ ಮೇಲೆ ಹೊರುತ್ತಿದ್ದೆವು. ಹಡಗು ಖಾಲಿಯಾಗಲು ವಾರ ಹಿಡಿಯುತ್ತಿತ್ತು. ಈಗ ಕ್ರೇನಿಗೆ ಒಂದು ಹಗಲು ಸಾಕು. ಇನ್ನೂರು ಜನರ ಜಾಗದಲ್ಲಿ ಹನ್ನೆರಡು ಜನ. ಆಗಲಿ, ನನ್ನ ಬೆನ್ನೂ ಕಂಟೇನರಿಗೆ ಋಣಿ. ಆದರೆ ಆಗ ನಮ್ಮಲ್ಲೊಂದು ಕಟ್ಟುಪಾಡಿತ್ತು. ಮುಚ್ಚಿದ ಹಡಗಿನ ಹೊಟ್ಟೆಯೊಳಗಿಂದ ಬಡಿತ ಕೇಳಿದರೆ ಹೊರಗಿದ್ದವರು ಮೂರು ಸಲ ತಿರುಗಿ ಬಡಿಯಬೇಕು. ಕೇಳಿಸಿತು, ತೆಗೆಯುತ್ತಿದ್ದೇವೆ ಎಂದು ಅರ್ಥ. “ಮೂರು ಬಡಿದ್ಮೇಲೆ ತೆಗೀದೆ ಹೋದ್ರೆ ಅದು ಕೊಲೆ ಕಣೋ,” ಎನ್ನುತ್ತಿದ್ದರು ಮೇಸ್ತ್ರಿಯಾಗಿದ್ದ ನನ್ನ ಅಪ್ಪ.

ಆ ಮಧ್ಯಾಹ್ನ ಕಂಟೇನರುಗಳ ಬಾಗಿಲಿಗೆ ಹಾಕಿದ ಸೀಲುಗಳನ್ನು ನೋಡುತ್ತ ಬರುತ್ತಿದ್ದವನಿಗೆ ಬಡಿತ ಕೇಳಿತು. ಹಳೆಯ ಅಭ್ಯಾಸ, ಕೈ ತಾನಾಗಿ ಮೂರು ಬಡಿಯಿತು. ಒಳಗಿನ ಸದ್ದು ತಕ್ಷಣ ನಿಂತಿತು. ನಾನು ಸೂಪರ್‌ವೈಸರ್ ಹತ್ತಿರ ಓಡಿದೆ.

“ಬಿಸಿಲಿಗೆ ತಗಡು ಹಿಗ್ಗಿ ಸದ್ದು ಮಾಡತ್ತೆ, ಯಜಮಾನ್ರೇ.”

“ನಾನು ಬಡಿದ ತಕ್ಷಣ ತಗಡು ಸುಮ್ಮನಾಗತ್ತಾ ಸಾರ್?”

“ಸುಮ್ಮನಾಯ್ತು ತಾನೆ? ಮತ್ತೇನು? ಕಾಗದದಲ್ಲಿ ಟೈಲ್ಸ್ ಅಂತಿದೆ. ಸೀಲ್ ಮುಟ್ಟಿದ್ರೆ ನಿಮ್ಮ ಕೆಲಸಾನೂ ಹೋಗತ್ತೆ, ನಂದೂ ಹೋಗತ್ತೆ.”

ಹಿಂತಿರುಗಿ ಅದರ ಪಕ್ಕ ನಿಂತೆ. ಕ್ರೇನ್ ಬರಲು ಇಪ್ಪತ್ತು ನಿಮಿಷ. ಒಳಗಿದ್ದವರು ಮತ್ತೊಮ್ಮೆ ಬಡಿಯಲಿಲ್ಲ; ನನ್ನನ್ನು ನಂಬಿದ್ದರು. ಈಗ ಮೊಮ್ಮಗಳು ಮನೆಯ ಬಾಗಿಲು ತಟ್ಟಿದರೂ ನನಗೆ ಭಯ. ಅದಕ್ಕೇ ನನ್ನ ಹೆಂಡತಿ ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಾಳೆ.

ಸದ್ದು ಕೇಳಿದ ಕೆಲಸಗಾರ ಯಾರನ್ನೂ ಕೇಳದೆ ಸೀಲ್ ಕತ್ತರಿಸಬಹುದೆಂದು ಆದೇಶ ಹೊರಡಿಸಿ. ಆ ಕಂಟೇನರ್ ಯಾವ ಬಂದರಿನಲ್ಲಿ ತೆರೆಯಿತು, ಒಳಗೇನಿತ್ತು ಎಂದು ತಿಳಿಸಿ. ಟೈಲ್ಸ್ ಇತ್ತೆಂದು ಬರೆದರೆ ನಂಬುತ್ತೇನೆ, ನಂಬಬೇಕೆಂದೇ ಕೇಳುತ್ತಿದ್ದೇನೆ. ಅಲ್ಲವಾದರೆ ಅದನ್ನೂ ಬರೆಯಿರಿ, ತಪ್ಪಿತಸ್ಥರ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿ. ನಿಯಮ ತಮ್ಮದು, ನಿಜ. ಸೀಲ್ ಕತ್ತರಿಸುವ ಕಟರ್ ಆ ಇಪ್ಪತ್ತು ನಿಮಿಷವೂ ನನ್ನ ಸೊಂಟದಲ್ಲೇ ಇತ್ತು.

ಇಂತಿ,
ಕೆಲಸ ಉಳಿಸಿಕೊಂಡ
ಸೀಲ್ ಪರೀಕ್ಷಕ