ಕುಂಞಿಪಾತುಮ್ಮನ ಹೆಸರಿನ ಕೆಳಗಿನ ಸಾಲು

ಮಣಿಪಾಲ
12 ಅಕ್ಟೋಬರ್ 2004

ಸುಹೈಲ್,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಟು ನಿನಗೇ ಕಾಣುತ್ತದೆ. ಆ ಶಬ್ದ ಬಿಟ್ಟಿದ್ದರೆ ಇವನಿಗೆ ನನ್ನಿಂದ ಏನೋ ಕೆಲಸ ಆಗಬೇಕಾಗಿದೆ ಎಂದು ನೀನು ಅನುಮಾನಪಡುತ್ತಿದ್ದೆ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ಬುದ್ಧಿ ನಿನಗೆ ಗೊತ್ತಿರುವುದೇ. ಅಪ್ಪ ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಗಾರೆ ಕೆಲಸಕ್ಕೆ ಬಂದವರು. ಸೈಟಿನಲ್ಲಿ ಏನು ಕಳೆದರೂ ಮೊದಲು ಜಾಲಾಡುತ್ತಿದ್ದದ್ದು ನಮ್ಮ ಶೆಡ್ಡನ್ನೇ. ಕಟಪಾಡಿಯ ಕ್ಲಿನಿಕ್ಕಿಗೆ ರೋಗಿಗಳ ದಾಖಲೆಯ ಪ್ರೋಗ್ರಾಮ್ ಬರೆಯಲು ನಾವಿಬ್ಬರೂ ಕೂತಾಗ ಯಾವುದನ್ನೂ ಅಳಿಸಬಾರದು ಎಂದು ನೀನು ಹಟ ಹಿಡಿದೆ. “ಅಳಿಸುವುದು ಎಂತಕ್ಕೆ ಮಾರಾಯ? ಬದಲಾದದ್ದನ್ನೆಲ್ಲ, ಯಾರಾದರೂ ತೆರೆದು ನೋಡಿದರೆ ಅದನ್ನೂ, ಒಂದರ ಕೆಳಗೊಂದು ಬರೆಯುತ್ತಾ ಹೋಗುವ. ಯಾರು, ಯಾವಾಗ, ಯಾಕೆ ಅಂತ. ಮೊದಲಿನಿಂದ ಓದಿದರೆ ಈಗಿನ ಸ್ಥಿತಿ ಸಿಗ್ತದೆ. ತಪ್ಪಾದರೆ ಕೆಳಗೆ ತಿದ್ದುಪಡಿಯ ಸಾಲು ಹಾಕಿದರಾಯಿತು” ಎಂದಿದ್ದೆ. ಕ್ಲಿನಿಕ್ಕಿಗೆ ಅದರಿಂದ ಆಗುವ ಉಪಕಾರ ನನಗೆ ಕಾಣಲಿಲ್ಲ. ನನ್ನ ಮೇಲೆ ಕಣ್ಣಿಡಲು ದಾರಿ ಮಾಡಿಕೊಳ್ಳುತ್ತಿದ್ದಾನೆ ಎಂದೇ ಅನ್ನಿಸಿತು.

ಆಮೇಲೆ ಫೆಬ್ರವರಿಯ ಆ ದಿನ. ಜ್ವರ ಎಂದು ಬಂದ ಕುಂಞಿಪಾತುಮ್ಮನಿಗೆ ಡಾಕ್ಟರ್ ಪೆನಿಸಿಲಿನ್ ಇಂಜೆಕ್ಷನ್ ಸಿದ್ಧ ಮಾಡಿಕೊಂಡಿದ್ದರು. ಮಗಳು ಶಮ್ನಾ ಕೈ ಅಡ್ಡ ಹಿಡಿದು, “ಉಮ್ಮನಿಗೆ ಅದು ಆಗುವುದಿಲ್ಲ ಡಾಕ್ಟ್ರೇ, ಹೋದ ಸಲ ನೀವೇ ಬರೆಸಿದ್ದಲ್ವಾ?” ಎಂದು ಕೂಗಿದ್ದರಿಂದ ಆಕೆ ಉಳಿದರು. ಕಂಪ್ಯೂಟರಿನಲ್ಲಿ ಆ ಎಚ್ಚರಿಕೆ ಇರಲಿಲ್ಲ. ಡಾಕ್ಟರ್ ನಮ್ಮಿಬ್ಬರನ್ನೂ ಕರೆಸಿ, ಹಳೆಯ ಸಾಲುಗಳನ್ನು ತೆರೆದು ನೋಡೋಣ ಎಂದರು. “ಆ ಸಾಲುಗಳ ಪ್ರೋಗ್ರಾಮ್ ಬರೆದವನೇ ಸುಹೈಲ್. ತನಗೆ ಬೇಕಾದಂತೆ ತಿದ್ದಿಟ್ಟಿರಬಹುದಲ್ಲ?” ಎಂದವನು ನಾನು. ನೀನು ಕ್ಲಿನಿಕ್ಕಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದೆ, ಮತ್ತೆ ಕೆಲಸಕ್ಕೆ ಬರಲಿಲ್ಲ. ಆ ಸಾಲುಗಳನ್ನು ಆಮೇಲೆ ಯಾರೂ ತೆರೆಯಲಿಲ್ಲ. ತಪ್ಪಿಲ್ಲದವನು ಸುಮ್ಮನೆ ಹೋಗುತ್ತಾನೆಯೇ ಎಂದುಕೊಂಡು ನಾನು ಎಂಟು ತಿಂಗಳು ನೆಮ್ಮದಿಯಾಗಿದ್ದೆ.

ಹೋದ ವಾರ ಹೊಸ ಕಂಪ್ಯೂಟರ್ ಬಂತು. ಎಲ್ಲ ಸಾಲುಗಳನ್ನೂ ಅದಕ್ಕೆ ಮೊದಲಿನಿಂದ ಓದಿಸುವಾಗ ಕುಂಞಿಪಾತುಮ್ಮನ ಹೆಸರಿಗೆ ಬಂದು ನಿಂತೆ. ಕಟಪಾಡಿಯಲ್ಲಿ ಒಂದೇ ವಯಸ್ಸಿನ ಇಬ್ಬರು ಕುಂಞಿಪಾತುಮ್ಮ ಇದ್ದರು, ಮನೆಯ ಹೆಸರು ಮಾತ್ರ ಬೇರೆ. ಇಲ್ಲಿ ಮನೆಯ ಹೆಸರೇ ಮನುಷ್ಯರ ಗುರುತು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಇಬ್ಬರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಲಾಗಿತ್ತು. ಎಚ್ಚರಿಕೆ ಇಲ್ಲದ ದಾಖಲೆ ಉಳಿದುಕೊಂಡಿತ್ತು. ಮಾಡಿದವರು: ಪರಮಾನಂದ. ಇದು ನಿನ್ನ ಕೈಚಳಕವೇ ಇರಬೇಕೆಂದು ಎರಡು ದಿನ ಹುಡುಕಿದೆ. ಆದರೆ ಕಾರಣದ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, “ಒಬ್ಬಾಕಿನ್ನ ಎರಡ ಸಲ ಬರದಾರ, ಒಂದ ಸಾಕು” ಎಂದಿತ್ತು. ಅದು ನನ್ನ ಅವ್ವನ ಕನ್ನಡ. ನೀನು ತಲೆಕೆಳಗಾಗಿ ನಿಂತರೂ ನಿನಗದು ಬರುವುದಿಲ್ಲ.

ಅದರ ಕೆಳಗೆ ಇನ್ನೊಂದು ಸಾಲು. ನೋಡಿದವರು: ಸುಹೈಲ್. ಡಾಕ್ಟರ್ ನಮ್ಮನ್ನು ಕರೆಸುವ ಹತ್ತು ನಿಮಿಷ ಮೊದಲು. ನಿನಗೆ ಎಲ್ಲ ಗೊತ್ತಿತ್ತು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಗೆಳೆತನಕ್ಕೋ, ಒಂದು ದಿನ ಇವನೇ ಓದಿ ಬೇಯಲಿ ಎಂದೋ? ನೋಡು, ಈಗಲೂ ಅನುಮಾನ ಬಿಡಲಾಗುತ್ತಿಲ್ಲ. ನಾಚಿಕೆಯಾಗುತ್ತದೆ ಸುಹೈಲ್. ನಮ್ಮ ಶೆಡ್ಡಿಗೆ ಬರುತ್ತಿದ್ದವರು ಹುಡುಕಿಯಾದರೂ ನೋಡುತ್ತಿದ್ದರು. ನಿನ್ನ ವಿಷಯದಲ್ಲಿ ನಾನು ಅಷ್ಟನ್ನೂ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಿಗೂ ಶಮ್ನಾಗೂ ಹೇಳಿದೆ. ಇಬ್ಬರು ಕುಂಞಿಪಾತುಮ್ಮಂದಿರನ್ನು ಬೇರೆ ಮಾಡಿ, ತಪ್ಪು ಪರಮಾನಂದನದು, ಸುಹೈಲನದಲ್ಲ ಎಂದು ಕಾರಣ ಬರೆದೆ. ನಿನ್ನ ಮೇಲೆ ಹೊರಿಸಿದ್ದನ್ನು ಬಾಯಲ್ಲಿ ಹೇಳಿದ್ದೆ, ಅದು ಯಾವ ಸಾಲಿನಲ್ಲೂ ಇಲ್ಲ. ಆ ಸಾಲು ಈ ಕಾಗದದಲ್ಲಿದೆ, ಇಟ್ಟುಕೋ.

ನನ್ನ ಮಾತನ್ನು ನಂಬಬೇಡ. ಈಗ ನೀನಿರುವ ಕಾರ್ಕಳದಿಂದ ಒಂದು ದಿನ ಬಂದು ನೀನೇ ತೆರೆದು ನೋಡು. ನಿನ್ನ ಪಾಸ್‌ವರ್ಡ್ ಹಾಗೆಯೇ ಇದೆ. ನೀನು ನೋಡಿದರೆ ಅದೂ ಅಲ್ಲಿ ಬರೆದುಕೊಳ್ಳುತ್ತದೆ. ಆ ಸಾಲು ಬಂದಿದೆಯೇ ಎಂದು ದಿನಾ ಬೆಳಿಗ್ಗೆ ನೋಡುತ್ತಿರುತ್ತೇನೆ.

ಹೋದಲ್ಲೆಲ್ಲ ನಿನ್ನನ್ನು ನಂಬುವವರೇ ಸಿಗಲಿ.

ಪರಮಾನಂದ