ಕೆಂಪು ಗೆರೆಯ ಬಗ್ಗೆ ನೀನು ಕೇಳಿದ್ದು

ಮರಗೆಲಸದ ಶೆಡ್ಡು,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಮೊಳೆಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅಲ್ಲಿ ದಿನವಿಡೀ ನಿಂತೇ ಕೆಲಸವೆಂದು ಅಮ್ಮ ಹೇಳಿದಳು. ಕಾಲಡಿಗೆ ಒಂದು ರಬ್ಬರ್ ಚಾಪೆ ಹಾಕಿಸಿಕೋ, ಕೇಳಲು ಸಂಕೋಚಪಡಬೇಡ. ಮೂವತ್ತು ದಾಟಿದ ಮಗಳನ್ನು ಇನ್ನೂ ಮೊಳೆ ಎನ್ನುತ್ತಾನಲ್ಲ ಈ ಮುದುಕ ಎಂದು ಬೈದುಕೊಂಡರೂ ಪರವಾಗಿಲ್ಲ; ಹುಟ್ಟಿದಾಗ ನೀನು ಇದ್ದದ್ದೇ ಅಷ್ಟು. ಅಮ್ಮನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನಗೇನೂ ಆಗಿಲ್ಲ. ಏನೂ ಅನ್ನಿಸುವುದೂ ಇಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಸಂಜೆ ಹಾಕುತ್ತೇನೆ. ನಡುವೆ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಮೂಟೆಯಲ್ಲಿರುವ ಮರದ ಹೊಟ್ಟು ನೋಡಿ ಹೇಳಬೇಕು. ಊಟಕ್ಕೆ ಉಪ್ಪು ಹಾಕಿಲ್ಲವೆಂದು ಹೋದ ವಾರ ಅಮ್ಮ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಹನ್ನೊಂದು ತಿಂಗಳ ಮೇಲೆ ನಿನ್ನ ಕಾಗದ ಬಂತು. ಮೂರೇ ಸಾಲು. "ಇಲ್ಲಿ ಲೇಸರ್ ಇರೋ ಗರಗಸದ ಮಿಷನ್ ತಗೊಳ್ಳೋಣ ಅಂತಿದಾರೆ ವರ್ಕ್‌ಶಾಪ್ ಯಜಮಾನ್ರು. ಅದರ ಮೇಲೆ ನನ್ನನ್ನೇ ಹಾಕ್ತಾರಂತೆ. ಲೇಸರ್ ಇದ್ರೆ ನನ್ನಂಥವಳ ಕೈಲೂ ಆಗುತ್ತಾ, ನಿಮಗೇನನ್ನಿಸುತ್ತೆ?" ನೀನು ನೀನು ಎಂದು ಜಗಳವಾಡುತ್ತಿದ್ದವಳು 'ನಿಮಗೆ' ಎಂದು ಬರೆದಿದ್ದೀಯ. ಅಪ್ಪಾ ಎಂದು ಎಲ್ಲಾದರೂ ಇದೆಯೇ ಎಂದು ಹಾಳೆ ತಿರುಗಿಸಿಯೂ ನೋಡಿದೆ. ಇರಲಿ, ಕೇಳಿದೆಯಲ್ಲ. ಹೋದಾಗಿನಿಂದ ನೀನು ಬರೀ ಪಾಲಿಶ್ ಕೆಲಸ ಮಾಡುತ್ತಿದ್ದೀಯ, ಮಿಷನ್ ಹತ್ತಿರ ಸುಳಿಯುವುದಿಲ್ಲ ಎಂಬುದೂ ಅಮ್ಮನ ಬಾಯಿಂದ ಗೊತ್ತಾಗಿದೆ. "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲಮ್ಮಾ" ಎಂದೆಯಂತೆ.

ಲೇಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಶೆಡ್ಡಿಗೆ ಅದನ್ನು ಹಟ ಮಾಡಿ ತರಿಸಿದವಳು ನೀನೇ, ಬೆಕ್ಕಿಗೆ ಆಟವಾಡಲು ಒಳ್ಳೆಯದು ಎಂದು ನಗಾಡಿದವನು ನಾನು. ಆದರೂ ನ್ಯಾಯವಾಗಿ ಹೇಳಬೇಕಲ್ಲ. ಬ್ಲೇಡ್ ಎಲ್ಲಿಳಿಯುತ್ತದೆಂದು ಮರದ ಮೇಲೆ ಕೆಂಪು ಗೆರೆ ಬೀಳಿಸಿ ತೋರಿಸುವುದಷ್ಟೇ ಅದರ ಕೆಲಸ; ಒರಟು ಕೆಲಸಕ್ಕೆ ಅದು ಸರಿ. ನೂರು ರೀಪು ಪಟ್ಟಿ ಕುಯ್ಯುವಾಗ ಬಗ್ಗಿ ಬಗ್ಗಿ ನೋಡುವುದು ತಪ್ಪುತ್ತದೆ, ಸೊಂಟ ಉಳಿಯುತ್ತದೆ. ಬಿಸಿಲು ಬಿದ್ದರೆ ಗೆರೆ ಕಾಣುವುದಿಲ್ಲ. ನಮ್ಮ ಪೂರ್ವದ ಕಿಟಕಿಗೆ ಗೋಣಿ ಕಟ್ಟಿದ್ದು ನೆನಪಿರಬೇಕು. ಲೇಸರಿನ ಗಾಜಿನ ಮೇಲೆ ಮರದ ಪುಡಿ ಕೂತರೆ ಗೆರೆ ಬೆರಳಿನಷ್ಟು ದಪ್ಪವಾಗುತ್ತದೆ. ಬ್ಲೇಡಿನ ಯಾವ ಮಗ್ಗುಲನ್ನು ತೋರಿಸುತ್ತಿದೆ ಎಂದು ತಿಳಿದಿರಬೇಕು. ಮಿಷನ್ ನಡುಗಿ ನಡುಗಿ ಅದರ ಸ್ಕ್ರೂ ಸಡಿಲವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಸರಿಯಿದ್ದಾಗ ಎಷ್ಟು ಕೆಂಪಗಿರುತ್ತದೋ ತಪ್ಪಿದ್ದಾಗಲೂ ಅದು ಅಷ್ಟೇ ಕೆಂಪಗಿರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಒಂದು ಬೇಡದ ತುಂಡು ಕುಯ್ದು ಅಳೆದು ನೋಡಬೇಕು.

ನೀನು ಇಲ್ಲಿ ಕೊನೆಯದಾಗಿ ಯಾರ ಮನೆಯ ಕೆಲಸ ಮಾಡಿದೆಯೋ ಆ ರಿಟೈರಾದ ಹೆಡ್‌ಮಿಸ್ಟ್ರೆಸ್ ಚೆನ್ನಾಗಿದ್ದಾರೆ. ಅವರ ಪುಸ್ತಕದ ಕೋಣೆಯ ಹಲಗೆಗಳ ತುದಿಗೆ ಪಟ್ಟಿ ಅಂಟಿಸಿ ಹೇಗೋ ಸರಿಮಾಡಿ ಕೊಟ್ಟೆ. ಒಂದು ಗೋಡೆಯೂ ನೆಟ್ಟಗಿಲ್ಲದ ಆ ಕೋಣೆಗೆ ಎರಡು ದಿನ ಓಡಾಡಿ, ಹದಿನಾಲ್ಕು ಹಲಗೆಗೂ ಬೇರೆ ಬೇರೆ ಅಳತೆ ತಂದಿದ್ದೆ ನೀನು. ಅವರ ತಾಯಿಯ ಮನೆ ಕೆಡವಿದಾಗ ಉಳಿದ ಮರ, ಅಂಥದ್ದು ಇನ್ನೊಂದು ತುಂಡು ಸಿಗುವುದಿಲ್ಲ. ಕೂರಿಸಲು ಹೋದರೆ ಎಲ್ಲ ಹಲಗೆಯೂ ಗಿಡ್ಡ. "ಗುರುತಿನ ಮೇಲೇ ಗೆರೆ ಕೂರಿಸಿ ಕುಯ್ದಿದೀನಪ್ಪಾ" ಎಂದೆ ನೀನು. ನಾನು ಅವರೆದುರಿಗೇ, "ದಾರಿ ತೋರಿಸೋಕೆ ಮಿಷನ್ ಇದ್ರೂ ಕುಯ್ಯೋಕೆ ಬರಲ್ಲ ಅಂದ್ರೆ ಈ ಕೆಲಸ ನಿನ್ನ ಕೈಗಲ್ಲ, ಬಿಟ್ಬಿಡು" ಎಂದೆ. ನೀನು ಏಪ್ರನ್ ಬಿಚ್ಚಿ, ಮಡಚಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದೆ. ನನ್ನ ಮುಖಕ್ಕೆ ಎಸೆದಿದ್ದರೆ ಚೆನ್ನಾಗಿತ್ತು. ಅವತ್ತು ಸಿಟ್ಟಿತ್ತು, ಆಮೇಲೆ ನಾಚಿಕೆ ಇತ್ತು. ಈಗ ಎರಡೂ ಇಲ್ಲ, ತಲೆಯಡಿ ಕೈಯಿಟ್ಟುಕೊಂಡು ಮಲಗಿದರೆ ಜೋಮು ಹಿಡಿಯುತ್ತದಲ್ಲ, ಹಾಗಿದೆ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು.

ವೇಳೆಗೆ ಸರಿಯಾಗಿ ಊಟ ಮಾಡು. ಪಾಲಿಶ್ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಆ ವಾಸನೆ ಎದೆಗೆ ಒಳ್ಳೆಯದಲ್ಲ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಎಂದು ಹರಸುವ,

ಅಪ್ಪ

ತಾ.ಕ.: ಹೇಳಲು ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಅಂಚೆಯವನು ಬರುವ ಹೊತ್ತಾಗಿದೆ, ಈಗ ಬರೆಯದಿದ್ದರೆ ಇನ್ನು ಬರೆಯುವುದಿಲ್ಲ. ನೀನು ಅಳತೆ ತರಲು ಹೋಗಿದ್ದ ದಿನ ಬ್ಲೇಡ್ ಮೊಂಡಾಗಿದೆಯೆಂದು ನಾನೇ ಬದಲಾಯಿಸಿದೆ. ಲೇಸರ್ ಬಿಚ್ಚಿದೆ, ತಿರುಗಿ ಕೂರಿಸಿದೆ. ತುಂಡು ಕುಯ್ದು ನೋಡಲಿಲ್ಲ, ನಿನಗೂ ಹೇಳಲಿಲ್ಲ. ನೀನು ಹೋದ ಸಂಜೆ ಎಲ್ಲ ಹಲಗೆಯನ್ನೂ ಅಳೆದೆ. ಕೈ ತಪ್ಪಿದ್ದರೆ ಒಂದು ಹಲಗೆ ಎರಡು ಮಿಲಿಮೀಟರ್ ಕಡಿಮೆ ಬರಬೇಕು, ಇನ್ನೊಂದು ನಾಲ್ಕು. ಹದಿನಾಲ್ಕೂ ಮೂರೇ ಮೂರು ಕಡಿಮೆ; ತಪ್ಪಿದ್ದು ನಾನು ಕೂರಿಸಿದ ಗೆರೆ. ಹದಿನಾಲ್ಕು ಸಲ ನಿನ್ನ ಕೈ ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ ಮಗಳೇ. ನನಗೆ ಯಾವತ್ತೂ ಹಾಗೆ ಬಂದಿಲ್ಲ. ಮೊದಲ ಹಲಗೆಯನ್ನು ನೀನು ಅಳೆದು ನೋಡಬೇಕಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಭಾನುವಾರ ಅಮ್ಮನಿಗೆ ಹೇಳಿದೆ. ಊಟ ಬಡಿಸುತ್ತಾಳೆ, ಮಾತು ಬಿಟ್ಟಿದ್ದಾಳೆ. ನಿನ್ನೆ ಹೆಡ್‌ಮಿಸ್ಟ್ರೆಸ್ ಮನೆಗೂ ಹೋಗಿ ಹೇಳಿ ಬಂದೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು, ಅದಕ್ಕೆ ಅವಸರವಿಲ್ಲ. ನಿನ್ನ ಯಜಮಾನರಿಗೆ ಮಾತ್ರ ನಾಳೆಯೇ ಹೇಳು: ಲೇಸರ್ ಬೇಡ, ಮಿಷನ್ ನನಗೇ ಕೊಡಿ ಅಂತ.